ಭಾನುವಾರದ ಡಬ್ಬ

ಛತ್ರಪತಿ ಸಂಭಾಜಿನಗರ
22 ಜನವರಿ 2026

ಅಪ್ಪಯ್ಯನಿಗೆ ನಮಸ್ಕಾರ.

ನಿನ್ನೆ ಮೂರನೆಯ ಕಿಮೊ ಮುಗಿಯಿತು. ಇನ್ನು ಒಂಬತ್ತು. ನಾಲ್ಕು ಔಷಧಿಗಳಲ್ಲಿ ಒಂದು ಕೆಂಪಗಿದೆ, ನೋಡಲು ನಮ್ಮ ಹೋಟೆಲಿನ ಪುನರ್ಪುಳಿ ಶರಬತ್ತೇ. ನರ್ಸ್ ಅದನ್ನು ಸಿರಿಂಜಿನಲ್ಲಿ ನಿಧಾನವಾಗಿ ಬಿಡುವಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ. ಇಲ್ಲದಿದ್ದರೆ ಈ ಜನ್ಮದಲ್ಲಿ ಇನ್ನು ಶರಬತ್ತು ಕುಡಿಯಲಾರೆ ಎಂಬ ಹೆದರಿಕೆ.

ಅಮ್ಮ ನಾಶಿಕಕ್ಕೆ ವಾಪಸು ಹೋದ ಮೇಲೆ ಇಲ್ಲಿ ಬಿಕೋ ಅನ್ನಿಸುತ್ತಿದೆ. ಸರ್ಪಸುತ್ತು ಅಮ್ಮನಿಗೇ ಆಗಬೇಕಿತ್ತಾ, ಅದೂ ಈಗಲೇ? "ಗುಳ್ಳೆ ಪೂರ್ತಿ ಒಣಗುವವರೆಗೆ ಮಗಳ ಹತ್ತಿರ ಸುಳಿಯಬೇಡಿ, ಅವಳಿಗೆ ತಾಗಿದರೆ ಕಷ್ಟ" ಎಂದು ಡಾಕ್ಟರು ಹೇಳಿದಾಗ ಅಮ್ಮನ ಮುಖ ನೋಡಲಾಗಲಿಲ್ಲ. ಗುಣವತಿ ಅತ್ತೆ ನನ್ನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆದರೆ ಅವರು ಬ್ಯಾಂಕಿಗೆ ಹೋದರೆ ಮರಳುವುದು ಸಂಜೆಗೇ. ಹಗಲೆಲ್ಲ ನಾನು, ಥರ್ಮಾಮೀಟರು ಮತ್ತು ಎದುರು ಮನೆಯ ಕುಕ್ಕರಿನ ಸೀಟಿ.

ಡಾಕ್ಟರು ಮತ್ತೆ ಅದೇ ಪಾಠ ಹೇಳಿದರು. ಕಿಮೊ ಆದ ಮೇಲೆ ಬಿಳಿ ರಕ್ತಕಣ ಇಳಿಯುತ್ತದೆ, ಆಗ ಜ್ವರ ನೂರು ಪಾಯಿಂಟ್ ನಾಲ್ಕು ಮುಟ್ಟಿದರೆ ಮಾತ್ರೆ ನುಂಗಿ ಮಲಗುವಂತಿಲ್ಲ, ಅದೇ ಗಳಿಗೆ ಆಸ್ಪತ್ರೆಗೆ ಬರಬೇಕು, ಒಂದು ದಿನ ತಡವಾದರೂ ಜೀವಕ್ಕೆ ಅಪಾಯ. ಹಾಗೇನೂ ಆಗುವುದಿಲ್ಲ, ಹೆದರಬೇಡಿ. ಮಾರ್ಚ್ ಹತ್ತಕ್ಕೆ ನನ್ನ ಕೇಟರಿಂಗ್ ಕೋರ್ಸಿನ ಅಡುಗೆಯ ಪ್ರಾಕ್ಟಿಕಲ್. ಥಿಯರಿ ಪೇಪರುಗಳನ್ನು ಆಮೇಲೆ ಬರೆಯಬಹುದು ಎಂದು ಕಾಲೇಜಿನವರು ಒಪ್ಪಿದ್ದಾರೆ. ಪ್ರಾಕ್ಟಿಕಲ್ ತಪ್ಪಿದರೆ ಮಾತ್ರ ವರ್ಷವೇ ಹೋಯಿತು. ಜ್ವರ ಇಲ್ಲದಿದ್ದರೆ ಮಾಸ್ಕ್ ಹಾಕಿಕೊಂಡು ಹೋಗಬಹುದು ಎಂದಿದ್ದಾರೆ ಡಾಕ್ಟರು.

ನೀವು ಬಸ್ಸಿನಲ್ಲಿ ಕಳಿಸಿದ ಭಾನುವಾರದ ಡಬ್ಬ ತಲುಪಿತು. ಅತ್ತೆ ಸಾಂಬಾರನ್ನು ಇನ್ನೊಮ್ಮೆ ಕುದಿಸಿ ಕೊಟ್ಟರು. ಹುಳಿ ತಿಂದರೆ ಅವರಿಗೆ ಎದೆಯುರಿ, ನಾಲಿಗೆಗೂ ತಾಗಿಸುವುದಿಲ್ಲ, ಹಾಗಾಗಿ ಪೂರ್ತಿ ನನ್ನ ಪಾಲು. ಫಸ್ಟ್ ಕ್ಲಾಸ್ ಆಗಿತ್ತು.

ದಯವಿಟ್ಟು ಫೋನ್ ಮಾಡಬೇಡಿ. ನೀವು "ಹಾಂ, ಹಾಂ" ಬಿಟ್ಟು ಏನೂ ಮಾತಾಡುವುದಿಲ್ಲ, ನಾನು ಅಳಲು ಶುರು ಮಾಡುತ್ತೇನೆ. ಗುರುವಾರ ವಾಪಸು ಬರುವ ಖಾಲಿ ಡಬ್ಬದಲ್ಲಿ ಹೀಗೆ ಕಾಗದ ಇಟ್ಟು ಕಳಿಸುವುದೇ ವಾಸಿ.

ನಿಮ್ಮ
ಮೈತ್ರೇಯಿ

ಪಂಚವಟಿ, ನಾಶಿಕ
25 ಜನವರಿ 2026

ಚಿರಂಜೀವಿ ಮೈತ್ರೇಯಿಗೆ ಆಶೀರ್ವಾದ.

ಕಾಗದ ಓದಿದೆ. ನೀನು "ಫಸ್ಟ್ ಕ್ಲಾಸ್" ಎಂದು ಬರೆದದ್ದು ನನಗೆ ಸರಿ ಕಾಣಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಸಾಂಬಾರಿಗೆ ನೀನು ಒಂದು ದಿನವೂ ಹಾಗೆ ಅಂದವಳಲ್ಲ. ಕೃಷ್ಣನ ಪಟಕ್ಕೆ ನೈವೇದ್ಯ ಆಗುವವರೆಗೆ ಬೆರಳೂ ಅದ್ದದ ಅಡುಗೆಮನೆ ನಮ್ಮದು. ನೈವೇದ್ಯವಾದ ಮೇಲೆ ಮೊದಲ ಸೌಟು ನಿನಗೆ, ನೀನು ಮೂಗು ಮುರಿದಾದ ಮೇಲೆ ಗಿರಾಕಿಗೆ. ಈಗ ನಿನ್ನ ಜಾಗದಲ್ಲಿ ದತ್ತು ರುಚಿ ನೋಡುತ್ತಾನೆ. ಸಾಂಬಾರಿನ ಕೊಪ್ಪರಿಗೆ ಹೊರುವುದರಲ್ಲಿ ಅವನನ್ನು ಮೀರಿಸುವವರಿಲ್ಲ, ಆದರೆ ಅವನ ನಾಲಿಗೆಗೆ ಎಲ್ಲವೂ "ಎಕದಮ್ ಝಕಾಸ್". ಅಂಥವನನ್ನು ಕೇಳಿ ನಾನು ಏನು ಮಾಡಲಿ?

ಹಾಗಾಗಿ ಸರಿಯಾಗಿ ಬರೆ. ಈ ಸಲ ಹೊಸ ಬ್ಯಾಡಗಿ ಮೆಣಸಿನಕಾಯಿ ಬಂದಿದೆ, ಪುಡಿ ಹೊಸತಾಗಿ ಮಾಡಿಸಿದ್ದೇನೆ. ಉಪ್ಪು ಹೇಗಿದೆ, ಹುಳಿ ಹೇಗಿದೆ, ಕೊತ್ತಂಬರಿ ಮುಂದಾಯಿತಾ ಹಿಂದಾಯಿತಾ, ಎಲ್ಲ ಬರೆ. ಜ್ವರದ ವಿಷಯವೂ ಹಾಗೆಯೇ. ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ನಾನು ಹೆದರುತ್ತೇನೆ ಎಂದು ಅಂಕಿ ಇಳಿಸಬೇಡ. ಹೆದರುವುದು ನನ್ನ ಕೆಲಸ, ಅದನ್ನು ನಾನು ನೋಡಿಕೊಳ್ಳುತ್ತೇನೆ.

ಇಲ್ಲಿ ಕುಂಭಮೇಳದ ತಯಾರಿ ಎಂದು ಕಂಡ ಕಂಡ ರಸ್ತೆ ಅಗೆದು ಹಾಕಿದ್ದಾರೆ. ರಿಕ್ಷಾ ನಮ್ಮ ಬಾಗಿಲವರೆಗೆ ಬರುವುದಿಲ್ಲ. ಮಹಿಬೂಬ ತನ್ನ ಬಸ್ಸನ್ನು ದೂರ ನಿಲ್ಲಿಸಿ, ಡಬ್ಬ ಒಯ್ಯಲು ತಾನೇ ನಡೆದು ಬರುತ್ತಾನೆ. ಚಹಾ ಕೊಟ್ಟರೂ ಕುಳಿತು ಕುಡಿಯುವುದಿಲ್ಲ, ಹೊತ್ತಾಯಿತು ಎನ್ನುತ್ತಾನೆ.

ಅಪ್ಪಯ್ಯ

(ಮೈತ್ರೀ, ಮಗಳೇ, ಗುಳ್ಳೆ ಹಣೆಯ ಮೇಲೆ ಮಾತ್ರ. ಉರಿ ಉಂಟು, ಹೆಚ್ಚಿಲ್ಲ. ಸ್ನಾನದ ನೀರು ಕಾಯಿಸಿ ಆರಿಸಿದ್ದೇ ಆಗಬೇಕು, ನೆನಪಿಡು. ತಲೆಗೂದಲು ಉದುರಿದರೆ ಬಾಚಿ ಬಾಚಿ ನೋಡಬೇಡ. — ಅಮ್ಮ)

ಛತ್ರಪತಿ ಸಂಭಾಜಿನಗರ
5 ಫೆಬ್ರವರಿ 2026

ಅಪ್ಪಯ್ಯನಿಗೆ ನಮಸ್ಕಾರ.

ನಾಲ್ಕನೆಯದೂ ಆಯಿತು. ಜ್ವರ ಇಲ್ಲ. ಬೆಳಿಗ್ಗೆ 98.4, ಸಂಜೆ 98.6. ಅಮ್ಮ ಬೇಡವೆಂದರೂ ಬಾಚಿ ನೋಡಿದೆ, ಅರ್ಧ ಜಡೆ ಕೈಗೆ ಬಂತು. ಆ ಹೊತ್ತಿಗೆ ಅಳು ಬಂತು, ಆಮೇಲೆ ನಿದ್ದೆ ಬಂತು. ಎದ್ದ ಮೇಲೆ ಅತ್ತೆಯ ಹತ್ತಿರ ಕತ್ತರಿ ಕೇಳಿ ಉಳಿದದ್ದನ್ನೂ ಗಿಡ್ಡ ಮಾಡಿಸಿಕೊಂಡೆ. ಈಗ ಸೀಗೆಪುಡಿ ಖರ್ಚು ಉಳಿತಾಯ.

ಕಿಮೊ ಕೋಣೆಯಲ್ಲಿ ನನ್ನ ಪಕ್ಕದ ಕುರ್ಚಿಗೆ ಚನಬಸವ್ವ ಎಂಬವರು ಬರುತ್ತಾರೆ. ಕಲಬುರ್ಗಿ ಕಡೆಯವರು. ಗಂಡ ಇಲ್ಲಿ ಕನ್ನಡ ಎಂಬ ಊರಿನ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಾರಂತೆ, ಅಲ್ಲಿಂದ ಸರ್ಕಾರಿ ಲಾಲ್ ಬಸ್ಸಿನಲ್ಲಿ ಬರುತ್ತಾರೆ. ನನ್ನ ಬಾಯಲ್ಲಿ ನಮ್ಮ ಮಾತು ಕೇಳಿ ಅವರಿಗೆ ಆದ ಸಂತೋಷ ಹೇಳತೀರದು. ಪಾಪ, ಅವರಿಗೆ ರುಚಿಯೇ ಹೋಗಿಬಿಟ್ಟಿದೆ. "ನನ್ನ ನಾಲಿಗಿ ಸತ್ತು ಎರಡು ತಿಂಗಳಾತ ನೋಡವ್ವಾ. ಹೋಳಿಗಿ ತಿಂದರೂ ಅಷ್ಟ, ಸಗಣಿ ತಿಂದರೂ ಅಷ್ಟ" ಅಂದರು. ನರ್ಸಿಗೆ ಅರ್ಥವಾಗಲಿಲ್ಲ, ನಾವಿಬ್ಬರೂ ನಕ್ಕದ್ದು ನೋಡಿ ಅವಳೂ ನಕ್ಕಳು. ಕೆಲವರಿಗೆ ಹಾಗಾಗುತ್ತದಂತೆ, ಔಷಧಿ ನಿಂತ ಮೇಲೆ ಸರಿಹೋಗುತ್ತದಂತೆ.

ನೀವು ಕೇಳಿದ್ದಕ್ಕೆ ಉತ್ತರ: ಉಪ್ಪು ಸರಿ. ಹುಳಿ ಸರಿ. ಕೊತ್ತಂಬರಿ ಸ್ವಲ್ಪ ಮುಂದಾಗಿದೆ, ಕಮ್ಮಿ ಮಾಡಿ. ಈಗ ಸಮಾಧಾನವಾಯಿತಾ?

ದಿಗಂತ್ ಎಂಬ ಕ್ಲಾಸ್‌ಮೇಟ್ ಬಾಗಿಲ ಹೊರಗೇ ನಿಂತು ನೋಟ್ಸ್ ಕೊಟ್ಟು ಹೋಗುತ್ತಾನೆ. ಪ್ರಾಕ್ಟಿಕಲ್‌ಗೆ ಮುಂಬೈಯಿಂದ ಎಕ್ಸಾಮಿನರ್ ಬರುತ್ತಾರಂತೆ. ವಿದ್ಯಾರ್ಥಿ ತಾನು ಮಾಡಿದ್ದನ್ನು ತಾನು ರುಚಿ ನೋಡಿದನಾ ಇಲ್ಲವಾ ಎಂದು ಅವರು ಗಮನಿಸುತ್ತಾರಂತೆ.

ಅಮ್ಮನಿಗೆ ಹೇಳಿ, ನೀರು ಕಾಯಿಸಿಯೇ ಸ್ನಾನ ಮಾಡುತ್ತಿದ್ದೇನೆ.

ಮೈತ್ರೇಯಿ

ಪಂಚವಟಿ, ನಾಶಿಕ
8 ಫೆಬ್ರವರಿ 2026

ಚಿರಂಜೀವಿ ಮೈತ್ರೇಯಿಗೆ ಆಶೀರ್ವಾದ.

ಈಗ ಸರಿಯಾಗಿ ಬರೆದೆ. ಕೊತ್ತಂಬರಿಯ ವಿಷಯ ನನಗೂ ಅನುಮಾನವಿತ್ತು. ಪುಡಿಯಲ್ಲಿ ಕಮ್ಮಿ ಮಾಡಿಸಿದೆ. ದತ್ತು ಗೊಣಗಿದ. "ಮೈತ್ರೇಯಿ ಹೇಳಿದ್ದು" ಅಂದೆ, ಒಂದು ಬಟ್ಟಲು ವಾಪಸು ಸುರಿದ.

ಚನಬಸವ್ವನವರಿಗೆಂದು ಹಳೆಯ ನಿಂಬೆಹಣ್ಣಿನ ಉಪ್ಪಿನಕಾಯಿ ಕಳಿಸಿದ್ದೇನೆ, ಚಿಕ್ಕ ಬಾಟಲಿ. ಸತ್ತ ನಾಲಿಗೆಗೆ ಅದಾದರೂ ತಾಗುತ್ತದೋ ನೋಡಲಿ. ಊರು ಬಿಟ್ಟು ಬಂದು ಹೀಗೆ ನಾಲಿಗೆಯನ್ನೂ ಕಳೆದುಕೊಂಡರೆ ಮನುಷ್ಯ ಯಾವುದನ್ನು ಹಿಡಿದುಕೊಂಡು ಇರಬೇಕು? ಓದಿ ನನಗೆ ಸಂಕಟವಾಯಿತು. ನಿನಗೆ ಹಾಗಾಗಲಿಲ್ಲವಲ್ಲ, ದೇವರು ದೊಡ್ಡವನು.

ಅಮ್ಮ ಆರಾಮ. ಮಲಗಿದ್ದಾಳೆ, ಎಬ್ಬಿಸುವುದಿಲ್ಲ.

ಅಪ್ಪಯ್ಯ

ಛತ್ರಪತಿ ಸಂಭಾಜಿನಗರ
19 ಫೆಬ್ರವರಿ 2026

ಅಪ್ಪಯ್ಯನಿಗೆ ನಮಸ್ಕಾರ.

ಐದನೆಯದು ನಿನ್ನೆ ಆಗಬೇಕಿತ್ತು, ಒಂದು ವಾರ ಮುಂದೆ ಹೋಯಿತು. ಡಾಕ್ಟರು ರಜೆಯಲ್ಲಿದ್ದಾರೆ. ಅಷ್ಟೇ, ಬೇರೇನೂ ಇಲ್ಲ. ಜ್ವರ ಇಲ್ಲ.

ಶಿವರಾತ್ರಿಯ ದಿನ ಅಷ್ಟು ಗಲಾಟೆಯ ನಡುವೆಯೂ ಡಬ್ಬ ಕಳಿಸಿದಿರಿ. ಆ ದಿನದ ಸಾಂಬಾರು ಬಹಳ ಚೆನ್ನಾಗಿತ್ತು ಅಪ್ಪಯ್ಯ. ಉಪ್ಪು, ಹುಳಿ, ಖಾರ ಮೂರೂ ಹದವಾಗಿ ಬಿದ್ದಿತ್ತು. ಕೊತ್ತಂಬರಿ ಕಮ್ಮಿ ಮಾಡಿದ್ದು ಒಳ್ಳೆಯದಾಯಿತು. ಎರಡು ಸಲ ಹಾಕಿಸಿಕೊಂಡು ಉಂಡೆ.

ನಿನ್ನೆ ನರ್ಸಿನ ಹತ್ತಿರ ಕೊಟ್ಟು ಬಂದಿದ್ದ ಬಾಟಲಿಯನ್ನು ಚನಬಸವ್ವ ತೆಗೆದು ಮೂಸಿ ನೋಡಿದರಂತೆ, "ಏನೂ ತಿಳೀವಲ್ದು, ಆದ್ರ ಮನಸಿಗೆ ಛಲೋ ಅನಸ್ತು, ನಿಮ್ಮಪ್ಪಗ ಹೇಳು" ಎಂದು ನರ್ಸಿನ ಫೋನಿನಿಂದ ಹೇಳಿದರು.

ಅಮ್ಮ ಯಾಕೆ ಬರೆಯಲಿಲ್ಲ?

ಮೈತ್ರೇಯಿ

ಪಂಚವಟಿ, ನಾಶಿಕ
22 ಫೆಬ್ರವರಿ 2026

ಚಿರಂಜೀವಿ ಮೈತ್ರೇಯಿಗೆ.

ಕಾಗದ ಬಂತು. ಶಿವರಾತ್ರಿಯ ಸಾಂಬಾರಿನ ವಿಷಯ ಬರೆದದ್ದನ್ನು ಓದಿದೆ.

ಇವತ್ತಿನ ಡಬ್ಬದ್ದು ಹೇಗಿದೆ ಎಂದು ಬರೆ. ಉಪ್ಪಿನ ವಿಷಯ ಮುಖ್ಯವಾಗಿ. ಜ್ವರವನ್ನು ದಿನಕ್ಕೆ ಎಷ್ಟು ಸಲ ನೋಡಿಕೊಳ್ಳುತ್ತೀ? ಯಾರು ನೋಡುತ್ತಾರೆ, ನೀನೋ ಗುಣವತಿಯೋ?

ಅಮ್ಮ ಆರಾಮ.

ಅಪ್ಪಯ್ಯ

ಛತ್ರಪತಿ ಸಂಭಾಜಿನಗರ
26 ಫೆಬ್ರವರಿ 2026

ಅಪ್ಪಯ್ಯನಿಗೆ ನಮಸ್ಕಾರ.

ಇದೇನು ಅಪ್ಪಯ್ಯ, ಕಾಗದವೋ ಪೊಲೀಸ್ ವಿಚಾರಣೆಯೋ? ಒಂದು ತಮಾಷೆ ಇಲ್ಲ, ಒಂದು ಬೈಗುಳ ಇಲ್ಲ.

ಉತ್ತರ ಹೇಳುತ್ತೇನೆ. ಜ್ವರವನ್ನು ನಾನೇ ನೋಡಿಕೊಳ್ಳುತ್ತೇನೆ, ಬೆಳಿಗ್ಗೆ ಮತ್ತು ಸಂಜೆ, ಅತ್ತೆಗೆ ಬರೆದಿಡುತ್ತೇನೆ. ನಿನ್ನೆ ಐದನೆಯದು ಕೊಟ್ಟರು. ಉಪ್ಪಿನ ವಿಷಯ: ಈ ಸಲ ಸ್ವಲ್ಪ ಕಮ್ಮಿ. ಮುಂದಿನ ಸಲ ಅರ್ಧ ಚಮಚ ಜಾಸ್ತಿ ಹಾಕಿ. ಸಾಕಾ?

ಚನಬಸವ್ವನ ಕುರ್ಚಿ ಖಾಲಿ ಇತ್ತು. ಊರಿಗೆ ಹೋಗಿರಬೇಕು ಅಂದುಕೊಂಡೆ. ನರ್ಸನ್ನು ಕೇಳಿದರೆ ಮಾತು ತಿರುಗಿಸಿದಳು. ಆಮೇಲೆ ಗೊತ್ತಾಯಿತು, ಐಸಿಯುನಲ್ಲಿದ್ದಾರೆ. ಎರಡು ದಿನ ಜ್ವರ ಇತ್ತಂತೆ, ಕೂಲಿಗೆ ಹೋದ ಹೊಲದಲ್ಲಿ ಜೋಳದ ರಾಶಿ ಮುಗಿಯಲಿ ಎಂದು ಯಾರಿಗೂ ಹೇಳದೆ ಇದ್ದರಂತೆ. ನನ್ನ ತೋಳಿಗೆ ಸೂಜಿ ಹಾಕಿದ್ದಾಗ ಇಡೀ ಹೊತ್ತು ಆ ಕುರ್ಚಿಯನ್ನೇ ನೋಡುತ್ತಿದ್ದೆ.

ಪ್ರಾಕ್ಟಿಕಲ್‌ಗೆ ಇನ್ನು ಎರಡು ವಾರ ಇಲ್ಲ. ಅಮ್ಮನಿಗೆ ಎರಡು ಸಾಲು ಬರೆಯಲು ಹೇಳಿ.

ಮೈತ್ರೇಯಿ

ಪಂಚವಟಿ, ನಾಶಿಕ
1 ಮಾರ್ಚ್ 2026

ಮೈತ್ರೇಯಿ,

ಶಿವರಾತ್ರಿಯ ದಿನ ಉಪವಾಸದವರಿಗೆ ಸಾಬುದಾಣೆ ಖಿಚಡಿ ಮಾಡುವ ಗಡಿಬಿಡಿಯಲ್ಲಿ ನಾನಿದ್ದೆ. ಸಾಂಬಾರಿಗೆ ಉಪ್ಪು ದತ್ತು ಹಾಕಿದ್ದಾನೆ ಎಂದು ನಾನು ಅಂದುಕೊಂಡೆ, ನಾನು ಹಾಕಿದ್ದೇನೆ ಎಂದು ಅವನು ಅಂದುಕೊಂಡ. ರುಚಿ ನೋಡುವ ಪದ್ಧತಿ ಇಲ್ಲವಲ್ಲ, ಹಾಗೆಯೇ ನೈವೇದ್ಯ ಮಾಡಿದೆ. ಮಹಿಬೂಬ ಅವಸರ ಮಾಡುತ್ತಿದ್ದ, ನಿನ್ನ ಡಬ್ಬ ತುಂಬಿಸಿ ಕೊಟ್ಟೆ. ಅವನು ಹೋದ ಮೇಲೆ ದತ್ತು ಒಂದು ಗುಟುಕು ಕುಡಿದು ಕೂಗಿದ, "ಅಣ್ಣಾ, ಸಾಂಬಾರಾತ ಮೀಠಚ ನಾಹೀ!"

ಉಪ್ಪೇ ಇರಲಿಲ್ಲ ಮೈತ್ರೇಯಿ. ಒಂದು ಕಲ್ಲೂ ಬಿದ್ದಿರಲಿಲ್ಲ. ಕೃಷ್ಣನೂ ಅದನ್ನೇ ಉಂಡ, ನೀನೂ ಅದನ್ನೇ ಉಂಡೆ. ಗುರುವಾರ ನಿನ್ನ ಬೈಗುಳ ಬರುತ್ತದೆ ಎಂದು ಕಾದೆ. ನೀನು "ಮೂರೂ ಹದವಾಗಿ ಬಿದ್ದಿತ್ತು" ಎಂದು ಬರೆದೆ.

ನಾನು ಮತ್ತೂ ನಂಬಲಿಲ್ಲ. ಮುಂದಿನ ಭಾನುವಾರ ನಿನ್ನ ಡಬ್ಬಕ್ಕೆ ಬೇಕೆಂದೇ ಎರಡು ಪಟ್ಟು ಉಪ್ಪು ಹಾಕಿದೆ. ನಾಲಿಗೆ ಇದ್ದವರು ಮುಖ ಕಿವುಚಬೇಕು, ಅಷ್ಟು. ನೀನು ಕಮ್ಮಿ ಆಯಿತು ಎಂದು ಬರೆದೆ.

ಕೊತ್ತಂಬರಿ ಕಮ್ಮಿ ಮಾಡಿದ್ದು ಗಿರಾಕಿಗಳಿಗೆ ಹಿಡಿಸಲಿಲ್ಲ. ಮೂವರು ನನ್ನ ಮುಖಕ್ಕೇ ಹೇಳಿದರು. ನಿನ್ನ ನಾಲಿಗೆ ಎಂದು ನಾನು ಹಟ ಹಿಡಿದಿದ್ದೆ.

ಸಾಂಬಾರು ಹಾಳಾಗಲಿ. ನನಗೆ ಸಿಟ್ಟು ಅದಕ್ಕಲ್ಲ. ಉಪ್ಪಿನ ವಿಷಯದಲ್ಲಿ ನನಗೆ ಇಷ್ಟು ಸಲೀಸಾಗಿ ಸುಳ್ಳು ಬರೆಯುವವಳು ಜ್ವರದ ವಿಷಯದಲ್ಲಿ ಬರೆಯುವ ಅಂಕಿಯನ್ನು ನಾನು ಹೇಗೆ ನಂಬಲಿ? ಗುಣವತಿಗೆ ಫೋನ್ ಮಾಡಿದೆ. "ಅವಳೇ ನೋಡ್ತಾಳೆ ಭುಜಂಗಣ್ಣ, ಅವಳೇ ಬರೀತಾಳೆ, ನಾ ಬ್ಯಾಂಕಲ್ಲಿರ್ತೇನಲ್ಲ" ಎಂದಳು. ಐದನೆಯ ಕಿಮೊ ತಡವಾದದ್ದು ಡಾಕ್ಟರ ರಜೆಯಿಂದಲ್ಲ, ನಿನ್ನ ರಕ್ತಕಣ ಇಳಿದಿತ್ತು ಎಂದೂ ಹೇಳಿದಳು. ನೀನು ಅದನ್ನೂ ಮುಚ್ಚಿಟ್ಟೆ.

ಆ ಚನಬಸವ್ವನ ಕುರ್ಚಿಯ ಬಗ್ಗೆ ಬರೆದೆಯಲ್ಲ, ಅದನ್ನು ಓದಿದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ. ನಿನ್ನ ಪ್ರಾಕ್ಟಿಕಲ್ ಬೇಡ. ನಾನು ನಿಮ್ಮ ಪ್ರಿನ್ಸಿಪಾಲರಿಗೆ ಮಾತಾಡುತ್ತೇನೆ.

ಅಪ್ಪಯ್ಯ

ಛತ್ರಪತಿ ಸಂಭಾಜಿನಗರ
3 ಮಾರ್ಚ್ 2026

ಅಪ್ಪಯ್ಯ,

ಗುರುವಾರದವರೆಗೆ ಕಾಯಲಾರೆ. ಮಹಿಬೂಬ ಭಾಯಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾರೆ ಎಂದು ಗೊತ್ತಾಗಿ ದಿಗಂತನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಹೌದು, ನನಗೆ ರುಚಿ ಇಲ್ಲ. ಎರಡನೆಯ ಕಿಮೊ ಆದಾಗಿನಿಂದ ಇಲ್ಲ. ನೀರು ಕಬ್ಬಿಣದ ಹಾಗೆ, ಅನ್ನ ಕಾಗದದ ಹಾಗೆ. ನಿಮ್ಮ ಸಾಂಬಾರು ಬಿಸಿಯಾಗಿದೆ ಎಂಬುದು ಬಿಟ್ಟು ನನಗೆ ಬೇರೇನೂ ತಿಳಿಯುವುದಿಲ್ಲ. ಬಣ್ಣ ನೋಡಿ, ವಾಸನೆ ನೋಡಿ, ನೀವು ಏನು ಕೇಳಬಯಸುತ್ತೀರಿ ಎಂದು ಊಹಿಸಿ ಬರೆದೆ. ಹತ್ತು ವರ್ಷದವಳಿದ್ದಾಗಿನಿಂದ ನಿಮ್ಮ ಮೊದಲ ಸೌಟು ನನ್ನದು. ಕ್ಯಾನ್ಸರ್ ಕುತ್ತಿಗೆಗೆ ಬಂತು ಎಂದರೆ ಸಹಿಸಿಕೊಂಡೆ. ನಾಲಿಗೆಯೂ ಹೋಯಿತು ಎಂದು ನಿಮಗೆ ಹೇಗೆ ಹೇಳಲಿ? ಚನಬಸವ್ವನ ನಾಲಿಗೆಗೆ ನೀವು ಅಷ್ಟು ಮರುಗಿದ್ದು ಓದಿದ ಮೇಲಂತೂ ಬರೆಯುವ ಧೈರ್ಯವೇ ಬರಲಿಲ್ಲ.

ಆದರೆ ನನ್ನನ್ನು ಪರೀಕ್ಷೆ ಮಾಡಿದಿರಲ್ಲ, ಎರಡು ಪಟ್ಟು ಉಪ್ಪು ಹಾಕಿ! ನೀವು ಮಾತ್ರ ಸತ್ಯ ಬರೆದಿದ್ದೀರಾ? "ಅಮ್ಮ ಆರಾಮ, ಅಮ್ಮ ಆರಾಮ." ಜನವರಿಯಿಂದ ಅಮ್ಮನ ಒಂದು ಸಾಲಿಲ್ಲ. ಕೈ ಮುರಿದು ಬಿದ್ದರೂ ನನಗೆ ಬರೆಯದೆ ಇರುವವಳಲ್ಲ ನನ್ನ ಅಮ್ಮ. ಏನಾಗಿದೆ ಅವಳಿಗೆ?

ಕಾಲೇಜಿಗೆ ಫೋನ್ ಮಾಡಬೇಡಿ, ಕೈ ಮುಗಿಯುತ್ತೇನೆ. ನನ್ನ ಬ್ಯಾಚ್ ಮುಂದೆ ಹೋಗುತ್ತದೆ, ನಾನು ಆಸ್ಪತ್ರೆಯ ಕುರ್ಚಿಯಲ್ಲಿ ಉಳಿಯುತ್ತೇನೆ. ಇದೊಂದು ದಿನವಾದರೂ ನಾನು ಪೇಶಂಟ್ ಅಲ್ಲ, ವಿದ್ಯಾರ್ಥಿ. ರುಚಿ ನೋಡಲಾಗದಿದ್ದರೆ ಏನಾಯಿತು? ನೀವು ಮೂವತ್ತು ವರ್ಷದಿಂದ ರುಚಿ ನೋಡದೆಯೇ ನೈವೇದ್ಯಕ್ಕೆ ಮಾಡುತ್ತಿಲ್ಲವಾ? ಶಿವರಾತ್ರಿ ಬಿಟ್ಟು ಯಾವತ್ತಾದರೂ ತಪ್ಪಿದ್ದುಂಟಾ? ಆ ಕೈಲೆಕ್ಕ ನನಗೆ ಹೇಳಿಕೊಡಿ.

ಇವತ್ತು 98.6. ನಂಬುವುದಾದರೆ ನಂಬಿ.

ಮೈತ್ರೇಯಿ

ಪಂಚವಟಿ, ನಾಶಿಕ
6 ಮಾರ್ಚ್ 2026

ಮೈತ್ರೇಯಿಗೆ ಆಶೀರ್ವಾದ.

ಗುಳ್ಳೆ ಹಣೆಯಿಂದ ಅಮ್ಮನ ಎಡಗಣ್ಣಿಗೆ ಇಳಿಯಿತು. ಎರಡೂ ಕಣ್ಣಿಗೆ ಬೆಳಕು ತಾಗಬಾರದು ಎಂದು ಒಂದಷ್ಟು ದಿನ ಕತ್ತಲ ಕೋಣೆಯಲ್ಲಿದ್ದಳು. ಈಗಲೂ ಎಡಗಣ್ಣು ಮಂಜು ಮಂಜು. ಕಣ್ಣು ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ನೋವು ಮಾತ್ರ ಬಹಳ ಉಂಟು. ನಿನಗೆ ಹೇಳಿದರೆ ಕಿಮೊ ಬಿಟ್ಟು ಓಡಿ ಬರುತ್ತೀ ಎಂದು ಅವಳೇ ಆಣೆ ಹಾಕಿಸಿದ್ದಳು. ನಾನೂ ಸುಳ್ಳು ಬರೆದೆ. ನೀನು ಕೇಳಿದ್ದು ಸರಿ. ಪರೀಕ್ಷೆ ಮಾಡಿದ್ದೂ ತಪ್ಪೇ.

ಕಾಲೇಜಿಗೆ ಫೋನ್ ಮಾಡಲಿಲ್ಲ.

ಈಗ ಉಪ್ಪಿನ ವಿಷಯ ಕೇಳು. ಬೇಳೆ ಎಷ್ಟು ಬೆಂದಿದೆ ನೋಡು, ಆಮೇಲೆ ನೀರು ನೋಡು, ಈ ಪಾತ್ರೆ ಎಷ್ಟು ಜನಕ್ಕೆ ಎಂದು ಮನಸ್ಸಿನಲ್ಲಿ ಎಲೆ ಹಾಕು. ಮೂರು ಬೆರಳಲ್ಲಿ ಎತ್ತಿದ ಉಪ್ಪು ಒಬ್ಬರಿಗೆ. ಎಲ್ಲ ಎಲೆಗೂ ಹಾಕಿದ ಮೇಲೆ ಪಾತ್ರೆಗೆಂದು ಇನ್ನೊಂದು. ಹುಳಿ ಬಿದ್ದು ಕುದಿ ಬಂದ ಮೇಲೆ ಹಾಕು, ಮೊದಲಲ್ಲ. ಹಾಕಿ ಇನ್ನೊಂದು ಕುದಿ ಬರಲಿ, ಆಗ ಮೂಗು ಹತ್ತಿರ ಒಯ್ಯು. ಉಪ್ಪು ಸಾಲದಿದ್ದರೆ ಬೇಳೆಯ ವಾಸನೆ ಎದ್ದು ಬರುತ್ತದೆ. ಸರಿಯಿದ್ದರೆ ಹುಳಿಯದ್ದು. ನಿನ್ನ ಮೂಗು ಇನ್ನೂ ಇದೆಯಲ್ಲ. ಒಮ್ಮೆ ಹಾಕಿದ ಮೇಲೆ ಸಂಶಯಪಟ್ಟು ಮತ್ತೆ ಹಾಕಬೇಡ, ಅಲ್ಲಿಯೇ ಎಲ್ಲರೂ ಕೆಡಿಸುವುದು.

ಕೈಲೆಕ್ಕ ಕೊಟ್ಟಿದ್ದೇನೆ. ಇನ್ನು ಅದರ ಜೊತೆಗೆ ಬರುವ ನಿಯಮ. ಜ್ವರ ಇದ್ದವರು ನೈವೇದ್ಯದ ಒಲೆ ಮುಟ್ಟುವ ಹಾಗಿಲ್ಲ. ನಿನ್ನ ಅಜ್ಜ ಮದುವೆಮನೆಯ ಅಡುಗೆಯ ನಡುವೆ ಮೈ ಬಿಸಿಯಾಯಿತು ಎಂದು ಸೌಟು ಇಟ್ಟು ಹೊರಗೆ ಬಂದವರು, ಯಾರು ಎಷ್ಟು ಕರೆದರೂ ಒಳಗೆ ಹೋಗಲಿಲ್ಲ. ನನ್ನ ಹಾಗೆ ಮಾಡುವುದಾದರೆ ಇದನ್ನೂ ಮಾಡಬೇಕು. ಏಪ್ರನ್ ಕಿಸೆಯಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ಹೋಗು. ನೂರು ಪಾಯಿಂಟ್ ನಾಲ್ಕು ಎಂದು ಕಂಡರೆ ಒಲೆ ಆರಿಸಿ ಹೊರಡು. ಸಾಂಬಾರು ಅರ್ಧ ಕುದಿದಿದ್ದರೂ ಸರಿ, ಎದುರು ಯಾರೇ ನಿಂತಿದ್ದರೂ ಸರಿ.

ಹೊರಡುತ್ತೀಯಾ ಇಲ್ಲವಾ ಎಂದು ನಾನು ನೋಡಲು ಬರುವುದಿಲ್ಲ. ಮಂಗಳವಾರ ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಬೇಕು. ಆ ದಿನವೆಲ್ಲ ನನ್ನ ಜೀವ ನನ್ನ ಕೈಯಲ್ಲಿ ಇರುವುದಿಲ್ಲ, ಅದನ್ನು ನೆನಪಿಟ್ಟುಕೋ.

ಅಪ್ಪಯ್ಯ

ಆಸ್ಪತ್ರೆ, ಛತ್ರಪತಿ ಸಂಭಾಜಿನಗರ
11 ಮಾರ್ಚ್ 2026

ಅಪ್ಪಯ್ಯ,

ಬಾಗಿಲಿನ ಗಾಜಿನಲ್ಲಿ ನಿಮ್ಮ ಅರ್ಧ ಮುಖ ಕಾಣುತ್ತಿದೆ. ಮಾಸ್ಕಿನ ಮೇಲೆ ಕನ್ನಡಕ ಮಂಜಾಗಿದೆ, ಒರೆಸಿಕೊಳ್ಳಿ. ಒಳಗೆ ಯಾರನ್ನೂ ಬಿಡುವುದಿಲ್ಲ, ಹಾಗಾಗಿ ಇದನ್ನು ನರ್ಸಿನ ಕೈಯಲ್ಲಿ ಕೊಡುತ್ತೇನೆ. ಸಲೈನ್ ಇರುವ ಕೈಯಲ್ಲಿ ಬರೆಯುತ್ತಿರುವುದರಿಂದ ಅಕ್ಷರ ಸೊಟ್ಟ.

ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ. ಸೋಮವಾರ ಸಂಜೆ ನೂರು ಇತ್ತು. ಅತ್ತೆಯ ಚೀಟಿಯಲ್ಲಿ 98.8 ಎಂದು ಬರೆದೆ. ನೂರು ಪಾಯಿಂಟ್ ನಾಲ್ಕು ಆಗಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮಂಗಳವಾರ ಪ್ರಾಕ್ಟಿಕಲ್‌ನಲ್ಲಿ ಚೀಟಿ ಎತ್ತಿದಾಗ ನನಗೆ ಬಂದದ್ದು ಆಮಟಿ, ಬದನೆಯ ಭರಲೀ ವಾಂಗೀ, ಗೋಧಿಯ ಪೋಳಿ. ಆಮಟಿ ನಮ್ಮ ಸಾಂಬಾರಿನ ತಂಗಿಯೇ ಅಲ್ಲವಾ, ಖುಷಿಯಾಯಿತು. ನಾಲ್ಕು ಎಲೆ ಹಾಕಿದೆ ಮನಸ್ಸಿನಲ್ಲಿ. ಒಂದು ನಿಮಗೆ, ಒಂದು ಅಮ್ಮನಿಗೆ, ಒಂದು ಅತ್ತೆಗೆ, ಒಂದು ಚನಬಸವ್ವನಿಗೆ. ನಿಮ್ಮ ಹಾಗೆಯೇ ಮೂರು ಬೆರಳಲ್ಲಿ ಉಪ್ಪು ಎತ್ತಿದೆ. ಪಾತ್ರೆಗೆಂದು ಹಾಕುವಾಗ ಬೆರಳು ನಡುಗಿತು. ಒಲೆಯ ಮುಂದೆ ನಿಂತೂ ಚಳಿ. ಬೆನ್ನಿನ ಮೂಳೆಯೊಳಗಿಂದ ಬರುವ ಚಳಿ ಅದು, ಹಲ್ಲು ಕಟಕಟ ಅನ್ನುತ್ತಿತ್ತು. ಎಕ್ಸಾಮಿನರ್ ಎರಡು ಟೇಬಲ್ ಆಚೆ ಇದ್ದರು, ಇನ್ನು ನನ್ನ ಸರದಿ. ಐದೇ ನಿಮಿಷ ತಡೆದುಕೊಂಡಿದ್ದರೆ ಮುಗಿಯುತ್ತಿತ್ತು. ಕಿಸೆಯಲ್ಲಿ ಥರ್ಮಾಮೀಟರ್ ಇತ್ತು. ನೋಡಬಾರದು ಅನ್ನಿಸಿತು, ನೋಡಿದರೆ ಹೋಗಬೇಕಾಗುತ್ತದಲ್ಲ. ಆಮೇಲೆ ನೀವು ಬರೆದ ಕೊನೆಯ ಸಾಲು ನೆನಪಾಯಿತು. ಬಾಯಲ್ಲಿಟ್ಟು ನೋಡಿದೆ. 101.2.

ಒಲೆ ಆರಿಸಿದೆ. "ಸರ್, ಮಲಾ ತಾಪ ಆಲಾಯ, ಮೀ ಜಾತೇ" ಎಂದು ಜ್ವರದ ವಿಷಯ ಹೇಳಿ ಹೊರಟೆ. ಅವರು ಏನೋ ಹೇಳಿದರು, ಕೇಳಿಸಲಿಲ್ಲ. ದಿಗಂತ್ ತನ್ನ ಒಲೆಯನ್ನು ಹಾಗೆಯೇ ಬಿಟ್ಟು ನನ್ನನ್ನು ರಿಕ್ಷಾದಲ್ಲಿ ಕರೆತಂದ. ಅವನ ಪೋಳಿ ಕರಕಲಾಯಿತಂತೆ, ಪಾಪ. ನನ್ನದು ಪಾಸೋ ಫೇಲೋ ಗೊತ್ತಿಲ್ಲ. ಆಮಟಿಯನ್ನು ಎಕ್ಸಾಮಿನರ್ ರುಚಿ ನೋಡಿದರೋ ಚೆಲ್ಲಿದರೋ ಅದೂ ಗೊತ್ತಿಲ್ಲ. ವರ್ಷ ಹೋಯಿತು ಎಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

"ರಾತ್ರಿಯವರೆಗೆ ಬಿಟ್ಟಿದ್ದರೆ ನಮ್ಮ ಕೈಯಲ್ಲಿ ಇರುತ್ತಿರಲಿಲ್ಲ" ಎಂದರು ಡಾಕ್ಟರು. ಇನ್ನೂ ಪೂರ್ತಿ ದಾಟಿಲ್ಲ, ಔಷಧಿ ಹಿಡಿಯಬೇಕು ಎಂದೂ ಹೇಳಿದರು. ನನಗೆ ಹೆದರಿಕೆ ಆಗುತ್ತಿದೆ ಅಪ್ಪಯ್ಯ. ಇದನ್ನು ಇಲ್ಲಿಯವರೆಗೆ ಬರೆದಿರಲಿಲ್ಲ.

ಈಗ 102.

ಮೈತ್ರೇಯಿ

ವಾರ್ಡಿನ ಹೊರಗಿನ ಬೆಂಚು
12 ಮಾರ್ಚ್ 2026

ಮೈತ್ರೇಯಿ,

ಒಲೆ ಆರಿಸಿದೆಯಲ್ಲ, ಅಷ್ಟು ಸಾಕು ನನಗೆ. ಪಾಸು ಫೇಲು ಆಮೇಲಿನ ಮಾತು.

ನಾನೂ ಒಂದು ಹೇಳಬೇಕು. ನಿನ್ನೆ ನೀನು 102 ಎಂದು ಬರೆದು ಕಳಿಸಿದೆ. ನಾನು ನರ್ಸನ್ನು ನಿಲ್ಲಿಸಿ ಎಷ್ಟು ಎಂದು ಕೇಳಿದೆ. ಇವತ್ತು ಬೆಳಿಗ್ಗೆ 101.4 ಎಂದು ಚೀಟಿ ಬಂತು, ಮತ್ತೆ ಕೇಳಿದೆ. ಎರಡೂ ಸಲ ನಿನ್ನದೇ ಸರಿ. ಕೇಳಿದ್ದಕ್ಕೆ ನಾಚಿಕೆಯೂ ಆಯಿತು, ಕೇಳದೆ ಇರಲೂ ಆಗಲಿಲ್ಲ.

ಅಮ್ಮನನ್ನು ದತ್ತುವಿನ ಹೆಂಡತಿ ನೋಡಿಕೊಳ್ಳುತ್ತಿದ್ದಾಳೆ. ಹೋಟೆಲಿನ ಬಾಗಿಲಿಗೆ ಬೀಗ ಹಾಕಿ ಬಂದೆ. ಅಮ್ಮ ಒಂದು ಕಣ್ಣಲ್ಲಿ ನೋಡಿ ಬರೆದ ಚೀಟಿ ಇದರ ಜೊತೆಗಿದೆ. ಸಾಲು ಒಂದರ ಮೇಲೊಂದು ಏರಿದೆ, ನಿಧಾನವಾಗಿ ಓದು.

ನಾನು ಇಲ್ಲೇ ಇದ್ದೇನೆ.

ಅಪ್ಪಯ್ಯ

ಆಸ್ಪತ್ರೆ
15 ಮಾರ್ಚ್ 2026

ಅಪ್ಪಯ್ಯ,

ನಿನ್ನೆಯಿಂದ ಚಳಿ ಇಲ್ಲ. ಬೆಳಿಗ್ಗೆ ಡಾಕ್ಟರು ಬಂದು ರಕ್ತಕಣ ಏರುತ್ತಿದೆ ಎಂದರು. ಆರನೆಯ ಕಿಮೊ ಮುಂದಿನ ವಾರ.

ಚನಬಸವ್ವ ಐಸಿಯುನಿಂದ ಹೊರಗೆ ಬಂದು ಆ ತುದಿಯ ವಾರ್ಡಿನಲ್ಲಿದ್ದಾರಂತೆ. ನರ್ಸಿನ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದರು, "ಆ ಹುಡುಗಿಗೆ ಹೇಳ್ರಿ, ನನ್ನಂಗ ಶಾಣ್ಯಾತನ ಮಾಡಲಿಲ್ಲ, ಛಲೋ ಆತು" ಎಂದು. ನೀವು ಹೋಗಿ ನೋಡಿ ಬನ್ನಿ, ನಿಮ್ಮ ಉಪ್ಪಿನಕಾಯಿಯ ಬಾಟಲಿ ದಿಂಬಿನ ಹತ್ತಿರವೇ ಇದೆಯಂತೆ.

ಅತ್ತೆಯ ಅಡುಗೆಮನೆಯಲ್ಲಿ ನೀವೇ ನಿಂತು ಮಾಡಿ ಕಳಿಸಿದ ಸಾಂಬಾರು ಉಂಡೆ. ಏನೂ ಗೊತ್ತಾಗಲಿಲ್ಲ. ಉಪ್ಪು ಇದೆಯೋ ಇಲ್ಲವೋ ತಿಳಿಯಲಿಲ್ಲ. ಬಿಸಿಯಾಗಿತ್ತು, ಬೇಳೆ ನುಣ್ಣಗಿತ್ತು, ಅಷ್ಟೇ. ಪೂರ್ತಿ ಉಂಡೆ. ನಾಲಿಗೆ ಬಂದ ದಿನ ಹೇಳುತ್ತೇನೆ, ಅಲ್ಲಿಯವರೆಗೆ ದತ್ತುವನ್ನೇ ಕೇಳಿ. ಕೊತ್ತಂಬರಿ ಮೊದಲಿನಷ್ಟೇ ಹಾಕಿ.

ಬೆಳಿಗ್ಗೆ 98.8.

ಮೈತ್ರೇಯಿ

ವಾರ್ಡಿನ ಹೊರಗಿನ ಬೆಂಚು
15 ಮಾರ್ಚ್ 2026, ಮಧ್ಯಾಹ್ನ

ಮೈತ್ರೇಯಿ,

ಚೀಟಿ ತಲುಪಿತು. ಸಾಂಬಾರಿಗೆ ಉಪ್ಪು ಇತ್ತು, ಹದವಾಗಿಯೇ ಇತ್ತು. ಇನ್ನು ಮೇಲೆ ನಾನೇ ಹೇಳುತ್ತೇನೆ, ನೀನು ಊಹೆ ಮಾಡಬೇಡ.

ಚನಬಸವ್ವನನ್ನು ನೋಡಿ ಬಂದೆ. ಅಮ್ಮನಿಗೆ ಫೋನ್ ಮಾಡಿ 98.8 ಎಂದು ಹೇಳಿದೆ. "ಸರಿಯಾಗಿ ಕೇಳಿದ್ರಾ ನೀವು?" ಅಂದಳು.

ನರ್ಸ್ ಈಗಷ್ಟೇ ನನ್ನ ಮುಂದೆಯೇ ಹಾದು ಹೋದಳು. ಇವತ್ತು ಅವಳನ್ನು ಕೇಳಲಿಲ್ಲ.

ಅಪ್ಪಯ್ಯ